ಹತ್ತಿರ ನಿಂತವರು

ಸ್ವೀಡಿಷ್ ಕವಿ ಟಾಮ್ ಮಾಲ್ಮ್‌ಕ್ವಿಸ್ಟ್ 2015ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಹೆಸರನ್ನು ಕನ್ನಡಕ್ಕೆ ತಂದರೆ ‘ಪ್ರತಿ ಕ್ಷಣವೂ ನಾವಿನ್ನೂ ಬದುಕಿಯೇ ಇದ್ದೇವೆ’ ಎಂದಾಗುತ್ತದೆ. ಹೆನ್ನಿಂಗ್ ಕೋಕ್ ಅವರ ಇಂಗ್ಲಿಷ್ ಅನುವಾದವೂ ಇರುವುದರಿಂದ ಊರಿನ ಓದುಗರಿಗೆ ಸಿಗದ ಪುಸ್ತಕವೇನಲ್ಲ. ಕತೆ ಲೇಖಕರ ಸ್ವಂತದ್ದೇ. ಗರ್ಭಿಣಿಯಾಗಿದ್ದ ಸಂಗಾತಿ ಕರೀನ್‌ಗೆ ಜ್ವರ, ಉಸಿರಾಟದ ತೊಂದರೆ. ಫ್ಲೂ ಇರಬಹುದು, ನ್ಯುಮೋನಿಯಾ ಇರಬಹುದು ಎಂದುಕೊಂಡು ಹೋದರೆ ರಕ್ತದ ಕ್ಯಾನ್ಸರ್. ಸಿಸೇರಿಯನ್ ಮಾಡಿ ಹೆಣ್ಣುಮಗುವನ್ನು ಹೊರತೆಗೆಯುತ್ತಾರೆ. ತಾಯಿ ತೀವ್ರ ನಿಗಾ ಘಟಕದಲ್ಲಿ, ಮಗು ನವಜಾತ ಶಿಶುಗಳ ವಿಭಾಗದಲ್ಲಿ; ಎರಡರ ನಡುವೆ ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾ ಆಸ್ಪತ್ರೆಯ ನೆಲದಡಿಯ ಸುರಂಗ ದಾರಿ. ಆ ದಾರಿಯಲ್ಲಿ ಟಾಮ್ ಹಗಲು ರಾತ್ರಿ ನಡೆಯುತ್ತಾನೆ. ಕರೀನ್ ಉಳಿಯುವುದಿಲ್ಲ.

ಇದನ್ನು ಸಾವಿನ, ದುಃಖದ ಪುಸ್ತಕವೆಂದು ಓದುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಕನ್ನಡದ ಮನೆಯಿಂದ ಬಂದ ನನ್ನಂಥ ಓದುಗನನ್ನು ಆಸ್ಪತ್ರೆಯ ಪುಟಗಳುದ್ದಕ್ಕೂ ಕಾಡುವ ಪ್ರಶ್ನೆ ಬೇರೆ. ಐಸಿಯು ಎಂದ ಕೂಡಲೇ ನಮಗೆ ನೆನಪಾಗುವುದು ತೀರ್ಮಾನ. ವೆಂಟಿಲೇಟರ್ ಹಾಕಿಸಬೇಕೆ, ಬೇಡವೆ. ಬೇರೆ ಆಸ್ಪತ್ರೆಗೆ ಒಯ್ಯಬೇಕೆ. ಸಾಕು ಎನ್ನಬೇಕೆ, ಎನ್ನುವುದಾದರೆ ಯಾರು ಎನ್ನಬೇಕು. ಈ ಕಾದಂಬರಿಯಲ್ಲಿ ತೀರ್ಮಾನಗಳು ವೈದ್ಯರವು. ಟಾಮ್‌ನ ಪಾಲಿಗೆ ಬರುವುದು ವಿವರಣೆ. ಆದರೂ ಅವನು ಕೈಯಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಾನೆ. ಔಷಧಿಗಳ ಹೆಸರು, ಯಂತ್ರಗಳು, ಯಾರು ಏನೆಂದರು, ಎಲ್ಲವನ್ನೂ. ಏನನ್ನೂ ತೀರ್ಮಾನಿಸಬೇಕಿಲ್ಲದ ಮನುಷ್ಯ ಯಾಕೆ ಇಷ್ಟು ಬರೆದುಕೊಳ್ಳಬೇಕು? ನನ್ನ ಮಟ್ಟಿಗೆ ಈ ಪುಸ್ತಕದ ವಸ್ತು ನಂಬಿಕೆ. ಅಧಿಕಾರವಿಲ್ಲದವನು ಅಪರಿಚಿತರನ್ನು ನಂಬುವುದು ಹೇಗೆ ಎಂಬುದು.

ಇದು ಅರ್ಥವಾಗಲು ಇಲ್ಲಿಯ ಕಾನೂನನ್ನು ಸ್ವಲ್ಪ ಹೇಳಬೇಕು. ಸ್ವೀಡನ್ನಿನ ರೋಗಿಗಳ ಕಾಯ್ದೆ 2015ರ ಜನವರಿ 1ರಂದು ಜಾರಿಗೆ ಬಂತು. ಪ್ರಜ್ಞೆ ಇರುವ ರೋಗಿಯ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಇಲ್ಲ. ಪ್ರಜ್ಞೆ ಇಲ್ಲದಿದ್ದರೆ ಜೀವಕ್ಕೋ ಆರೋಗ್ಯಕ್ಕೋ ಒದಗಿದ ಗಂಡಾಂತರ ತಪ್ಪಿಸಲು ಬೇಕಾದ ಚಿಕಿತ್ಸೆ ಕೊಡಬೇಕು. ಗಂಡನೋ ಹೆಂಡತಿಯೋ ಮಕ್ಕಳೋ ರೋಗಿಯ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಅದರಲ್ಲಿ ಎಲ್ಲಿಯೂ ಇಲ್ಲ. ಜೀವ ಉಳಿಸುವ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ 2011ರ ಸರ್ಕಾರಿ ನಿಯಮಾವಳಿ ಇದೆ. ಹೊಣೆ ಹೊತ್ತ ವೈದ್ಯರು ಕಡೇಪಕ್ಷ ಇನ್ನೊಬ್ಬ ಪರವಾನಗಿ ಪಡೆದ ಸಿಬ್ಬಂದಿಯೊಂದಿಗೆ ಸಮಾಲೋಚಿಸಬೇಕು, ನಿರ್ಧಾರವನ್ನೂ ಅದರ ಕಾರಣವನ್ನೂ ದಾಖಲೆಯಲ್ಲಿ ಬರೆಯಬೇಕು. ಮನೆಯವರನ್ನು ಕೇಳುತ್ತಾರೆ, ಆದರೆ ಕೇಳುವುದು ‘ನಿಮಗೇನು ಬೇಕು’ ಎಂದಲ್ಲ, ‘ಅವರು ಏನು ಬಯಸುತ್ತಿದ್ದರು’ ಎಂದು. 2017ರಲ್ಲಿ ಭವಿಷ್ಯದ ಅಧಿಕಾರಪತ್ರ ಎಂಬ ಹೊಸ ಕಾನೂನು ಬಂತು. ಮುಂದೆ ನನ್ನ ಬುದ್ಧಿ ಮಂಕಾದರೆ ನನ್ನ ಬ್ಯಾಂಕು, ಮನೆ, ವ್ಯವಹಾರವನ್ನು ಇಂಥವರು ನೋಡಿಕೊಳ್ಳಲಿ ಎಂದು ಬರೆದಿಡಬಹುದು. ಅದರಲ್ಲೂ ವೈದ್ಯಕೀಯ ಚಿಕಿತ್ಸೆಯನ್ನು ಹೊರಗಿಟ್ಟಿದ್ದಾರೆ.

ಇಂಥ ಮನೆಯವರಿಗೆ ಸ್ವೀಡಿಷ್ ಭಾಷೆಯಲ್ಲಿರುವ ಪದ ‘ನ್ಯಾರ್‌ಸ್ಟೋಯೆಂದೆ’. ಬಿಡಿಸಿ ಹೇಳಿದರೆ ‘ಹತ್ತಿರ ನಿಂತವರು’. ರಕ್ತಸಂಬಂಧ ಇರಲೇಬೇಕೆಂದಿಲ್ಲ, ಮದುವೆ ಆಗಿರಲೇಬೇಕೆಂದಿಲ್ಲ. ರೋಗಿ ಯಾರನ್ನು ಹತ್ತಿರದವರೆಂದು ಬಗೆಯುತ್ತಾರೋ ಅವರು. ಪದ ಬಹಳ ಸೊಗಸಾಗಿದೆ, ಅಷ್ಟೇ ನಿಷ್ಠುರವೂ ಆಗಿದೆ. ನಿಲ್ಲಬಹುದು, ಅಷ್ಟೇ. ನಮ್ಮೂರಿನ ಆಸ್ಪತ್ರೆಗಳಲ್ಲಿ ಇದೇ ಮನುಷ್ಯನಿಗೆ ‘ಅಟೆಂಡರ್’ ಎನ್ನುತ್ತಾರೆ. ‘ಆರನೇ ಬೆಡ್ಡಿನ ಅಟೆಂಡರ್ ಯಾರ್ರೀ?’ ಎಂದು ಕೂಗಿದರೆ ಅಪ್ಪನ ಮಗಳೋ ಅತ್ತೆಯ ಸೊಸೆಯೋ ಎದ್ದು ಓಡಬೇಕು. ಔಷಧಿ ತರಬೇಕು, ರಕ್ತ ಹೊಂದಿಸಬೇಕು, ಮುಂಗಡ ಕಟ್ಟಬೇಕು, ಕಾಗದಕ್ಕೆ ಸಹಿ ಹಾಕಬೇಕು. ಸ್ವೀಡನ್ನಿನ ಮನೆಯವರಿಗೆ ಜಾಗವಿದೆ, ಅಧಿಕಾರವಿಲ್ಲ. ನಮ್ಮ ಮನೆಯವರಿಗೆ ಅಧಿಕಾರವಿದೆ, ಕೂರಲು ಜಾಗವಿಲ್ಲ.

ಆ ಅಧಿಕಾರ ಎಂಥದ್ದೆಂದು ಅನಿವಾಸಿಗಳಾದ ನಮಗೆ ಫೋನಿನಲ್ಲಿ ಗೊತ್ತಾಗುತ್ತದೆ. ನಮ್ಮ ತಂದೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಹನ್ನೊಂದು ದಿನ ಇದ್ದರು. ಚಳಿಗಾಲವಾದ್ದರಿಂದ ನಾನಿದ್ದ ಲಿನ್‌ಶೋಪಿಂಗ್‌ಗೂ ಮೈಸೂರಿಗೂ ನಾಲ್ಕೂವರೆ ಗಂಟೆಯ ಅಂತರ. ಬಾಗಿಲ ಬಳಿ ಇದ್ದವಳು ಅಕ್ಕ.

‘ಬೆಳಿಗ್ಗೆ ಬಂದ ಡಾಕ್ಟ್ರು ಪರವಾಗಿಲ್ಲ, ಸುಧಾರಿಸ್ತಿದಾರೆ ಅಂದ್ರು ಕಣೋ. ಸಂಜೆಯವರು ಏನೂ ಹೇಳಕ್ಕಾಗಲ್ಲ ಅಂದ್ರು. ಯಾರ ಮಾತು ನಂಬಲಿ?’

‘ಇಬ್ಬರೂ ಕೂತು ಮಾತಾಡಿದಾರಾ ಕೇಳಕ್ಕ.’

‘ಕೇಳ್ದೆ. ಎಲ್ಲಾ ಫೈಲಲ್ಲಿದೆ ಅಂದ್ರು. ಫೈಲು ಒಳಗಿದೆ, ನಾನು ಹೊರಗಿದೀನಿ.’

ಎಂಟನೆಯ ದಿನ ‘ಮುಂದುವರಿಸೋಣವಾ, ನೀವೇ ಹೇಳಿ’ ಎಂದರಂತೆ. ಅದೇ ಮಧ್ಯಾಹ್ನ ಬಿಲ್ಲಿನ ಕೌಂಟರಿನಿಂದಲೂ ಕರೆ ಬಂತು. ಎರಡಕ್ಕೂ ಸಂಬಂಧ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಎರಡೂ ಒಂದೇ ಕಿವಿಗೆ, ಒಂದೇ ದಿನ ಬಿದ್ದಾಗ ಸಂಬಂಧವಿಲ್ಲ ಎಂದು ನಂಬುವುದು ಕಷ್ಟ. ತಿಳಿವಳಿಕೆ ಕೊಡದೆ ತೀರ್ಮಾನವನ್ನು ಮಾತ್ರ ಕೊಟ್ಟರೆ ಅದು ಗೌರವವಲ್ಲ, ಹೊರೆ. ಅಕ್ಕ ಔಷಧಿ ಚೀಟಿಗಳ ಹಿಂದೆ ಯಾರು ಎಷ್ಟು ಗಂಟೆಗೆ ಏನೆಂದರೆಂದು ಬರೆದಿಟ್ಟುಕೊಂಡಿದ್ದಳು. ಮಾಲ್ಮ್‌ಕ್ವಿಸ್ಟ್ ಓದುವಾಗ ಆ ಚೀಟಿಗಳು ನನಗೆ ಅರ್ಥವಾದವು. ಅಧಿಕಾರ ಇದ್ದವಳೂ ಇಲ್ಲದವನೂ ಒಂದೇ ಕೆಲಸ ಮಾಡಿದ್ದರು. ನಿನ್ನೆಯ ಮಾತಿಗೆ ಇವತ್ತಿನ ಮಾತು ಹೊಂದುತ್ತದೆಯೇ ಎಂದು ನೋಡುವುದು, ನಂಬಿಕೆ ಕಟ್ಟಿಕೊಳ್ಳಲು ಹೊರಗಿನವರಿಗೆ ಇರುವ ಒಂದೇ ಸಾಧನ.

ಕನ್ನಡದಲ್ಲಿ ಈ ವಸ್ತುವಿನ ಕಾದಂಬರಿ ಯಾವುದೆಂದು ಹುಡುಕಿದರೆ ನನಗೆ ಎದುರಾಗುವುದು, ವಿಚಿತ್ರವೆನಿಸಿದರೂ, ಅನಂತಮೂರ್ತಿಯವರ ‘ಸಂಸ್ಕಾರ’. 1965ರ ಆ ಕೃತಿಯಲ್ಲಿ ಆಸ್ಪತ್ರೆಯಿಲ್ಲ, ವೈದ್ಯರಿಲ್ಲ. ಆದರೆ ತಿಳಿದವನೊಬ್ಬನ ಬಾಯಿಂದ ಬರುವ ತೀರ್ಮಾನಕ್ಕಾಗಿ ಇಡೀ ಅಗ್ರಹಾರ ಅನ್ನ ಬಿಟ್ಟು ಕಾಯುತ್ತದೆ. ನಾರಣಪ್ಪನ ಹೆಣ ಒಳಗೆ, ಕಾಯುವವರು ಹೊರಗೆ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಉತ್ತರ ಸಿಗುವುದಿಲ್ಲ. ಕಾದವರು ಮಾಡುವುದೇನು? ಇನ್ನೊಬ್ಬ ತಿಳಿದವನನ್ನು ಹುಡುಕಿಕೊಂಡು ಹೊರಡುತ್ತಾರೆ, ಅಲ್ಲಿಂದ ಮಠಕ್ಕೆ. ಐಸಿಯುವಿನಿಂದ ಐಸಿಯುವಿಗೆ ರೋಗಿಯನ್ನು ಒಯ್ಯುವ ನಮ್ಮ ಕುಟುಂಬಗಳ ದಾರಿಯೂ ಇದೇ. ಒಬ್ಬರು ‘ಗೊತ್ತಿಲ್ಲ’ ಎಂದ ಕೂಡಲೇ ಅವರಲ್ಲಿಟ್ಟ ನಂಬಿಕೆಯನ್ನೇ ಕಿತ್ತು ಇನ್ನೊಬ್ಬರ ಕಡೆ ಹೋಗುತ್ತೇವೆ. ‘ಗೊತ್ತಿಲ್ಲ’ ಎನ್ನುವುದೂ ಪ್ರಾಮಾಣಿಕ ವೈದ್ಯಕೀಯ ಮಾತಾಗಿರಬಹುದೆಂದು ನಮಗೆ ಯಾರೂ ಕಲಿಸಿಲ್ಲ. ಹಾಗೆ ಹೇಳಿದರೆ ರೋಗಿಯನ್ನು ಕಳೆದುಕೊಳ್ಳುತ್ತೇವೆಂದು ಹೆದರುವ ವೈದ್ಯರೂ ಕಲಿತಿಲ್ಲ.

ಆ ಕಾದಂಬರಿಯಲ್ಲಿ ನಾರಣಪ್ಪನ ಹತ್ತಿರ ನಿಂತವಳು ಒಬ್ಬಳೇ, ಚಂದ್ರಿ. ತಾಳಿಯಿಲ್ಲ, ಜಾತಿಯಿಲ್ಲ. ಅವಳ ಒಡವೆ ಚರ್ಚೆಗೆ ಬರುತ್ತದೆ, ಅವಳ ಅಭಿಪ್ರಾಯ ಬರುವುದಿಲ್ಲ. ಕೊನೆಗೆ ರಾತ್ರೋರಾತ್ರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣ ಸುಡಿಸುವವಳು ಅವಳೇ. ಮಾಲ್ಮ್‌ಕ್ವಿಸ್ಟರ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಒಂದು ಸಾಮ್ಯ ಕಣ್ಣಿಗೆ ಬೀಳುತ್ತದೆ. ಟಾಮ್ ಮತ್ತು ಕರೀನ್ ಮದುವೆಯಾದವರಲ್ಲ. ಆಸ್ಪತ್ರೆಯಲ್ಲಿ ಅದು ಅಡ್ಡಿಯಾಗುವುದಿಲ್ಲ. ಅವನು ಹತ್ತಿರ ನಿಂತವನು, ಅಷ್ಟು ಸಾಕು. ಸಾವಿನ ನಂತರ ಮಗುವಿನ ತಂದೆ ತಾನೇ ಎಂದು ಸರ್ಕಾರಿ ಕಚೇರಿಗಳೆದುರು ಅವನು ಸಾಬೀತುಪಡಿಸಬೇಕಾಗುತ್ತದೆ. ಮದುವೆಯಾಗದ ದಂಪತಿಯಲ್ಲಿ ಪಿತೃತ್ವ ದೃಢಪಡಲು ತಾಯಿಯ ಒಪ್ಪಿಗೆ ಬೇಕು, ತಾಯಿ ಈಗ ಇಲ್ಲ. ಕಾದಂಬರಿಯ ಅತ್ಯಂತ ಸಿಟ್ಟಿನ ಪುಟಗಳು ಆಸ್ಪತ್ರೆಯವಲ್ಲ, ಕಚೇರಿಯವು. ವೈದ್ಯರನ್ನು ನಂಬಿದ ಮನುಷ್ಯ ನಮೂನೆ ಕಾಗದಗಳನ್ನು ನಂಬಲಾರ. ಕಾರಣ ಸರಳ. ವೈದ್ಯರು ಕೆಟ್ಟ ಸುದ್ದಿಯನ್ನು ಅವನ ಮುಖ ನೋಡಿ ಹೇಳಿದ್ದರು.

ಹತ್ತಿರ ನಿಂತವರು ಯಾರು ಎಂಬ ಪ್ರಶ್ನೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋದದ್ದೂ ಕನ್ನಡ ನೆಲದ ಹೆಣ್ಣುಮಗಳೊಬ್ಬಳಿಂದಲೇ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಡೆಸಿದ ಹಲ್ಲೆಯಿಂದ ಮಿದುಳು ಜಖಂಗೊಂಡು ಹಾಸಿಗೆ ಹಿಡಿದವಳು 2015ರ ಮೇ 18ರವರೆಗೆ ಅಲ್ಲೇ ಇದ್ದಳು. ನಲವತ್ತೊಂದು ವರ್ಷ ಅವಳನ್ನು ತೊಳೆದು, ಉಣಿಸಿ, ಮಗ್ಗುಲು ಬದಲಿಸಿದವರು ಅಲ್ಲಿಯ ನರ್ಸ್‌ಗಳು. ಪಿಂಕಿ ವಿರಾನಿ 1998ರಲ್ಲಿ ಅವಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಆಮೇಲೆ ಅವಳ ಪರವಾಗಿ ದಯಾಮರಣ ಕೋರಿ ಅರ್ಜಿ ಹಾಕಿದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ, ಅವಳ ಆಪ್ತರೆಂದು ಮಾತಾಡಬೇಕಾದವರು ಲೇಖಕಿಯಲ್ಲ, ಆಸ್ಪತ್ರೆಯ ಸಿಬ್ಬಂದಿ ಎಂದಿತು. ಸಿಬ್ಬಂದಿ ಅವಳು ಬದುಕಲಿ ಎಂದರು.

ವಿರಾನಿಯವರ ಪುಸ್ತಕ ಸಿಟ್ಟಿನಿಂದ ಬರೆದದ್ದು. ಆ ಸಿಟ್ಟು ಬೇಕಾಗಿತ್ತು. ಆದರೆ ಅದನ್ನು ಮುಚ್ಚಿಟ್ಟ ಮೇಲೆ ನನಗೆ ಓದಬೇಕೆನಿಸುವುದು ಬರೆಯದೆ ಉಳಿದ ಪುಸ್ತಕ, ನರ್ಸ್‌ಗಳದ್ದು. ಒಂದು ತಲೆಮಾರು ನಿವೃತ್ತರಾಗಿ ಇನ್ನೊಂದು ತಲೆಮಾರಿಗೆ ಅವಳನ್ನು ಒಪ್ಪಿಸುವಾಗ ಏನು ಹೇಳಿ ಒಪ್ಪಿಸಿದರು? ಅವಳಿಗೆ ಏನು ಇಷ್ಟ, ಏನು ನೋವು ಎಂದು ಹೇಗೆ ತಿಳಿದರು? ಮನೆಯವರು ಸಿಬ್ಬಂದಿಯನ್ನು ನಂಬಬೇಕೇ ಎಂದು ನಾವು ಯಾವಾಗಲೂ ಕೇಳುತ್ತೇವೆ. ಇಲ್ಲಿ ಸಿಬ್ಬಂದಿಯೇ ಮನೆಯವರಾಗಿದ್ದರು. ಅವರನ್ನು ನಂಬುವವರು ಯಾರು, ಪರೀಕ್ಷಿಸುವವರು ಯಾರು? ಆ ತೀರ್ಪು ತೆರೆದ ಬಾಗಿಲಿನಿಂದಲೇ 2018ರ ಮಾರ್ಚ್ 9ರ ಇನ್ನೊಂದು ತೀರ್ಪು ಬಂತು, 2023ರಲ್ಲಿ ಅದರ ವಿಧಾನ ಸರಳವಾಯಿತು, 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು, ವಿಷಯ ಮ್ಯಾಜಿಸ್ಟ್ರೇಟರಿಗೆ ತಿಳಿಯಬೇಕು. ಸ್ವೀಡನ್ ಮನೆಯವರ ಒಪ್ಪಿಗೆ ಕೇಳುವುದಿಲ್ಲ, ಕರ್ನಾಟಕ ಅದಿಲ್ಲದೆ ಮುಂದೆ ಹೋಗುವುದಿಲ್ಲ. ಎರಡರ ಹಿಂದೆಯೂ ಇರುವುದು ಕರುಣೆಯೇ. ಒಂದು ಮನೆಯವರನ್ನು ಅಪರಾಧಿ ಭಾವದಿಂದ ಕಾಪಾಡಲು ನೋಡುತ್ತದೆ, ಇನ್ನೊಂದು ರೋಗಿಯನ್ನು ಅಪರಿಚಿತರಿಂದ ಕಾಪಾಡಲು ನೋಡುತ್ತದೆ.

ಇಷ್ಟಾದ ಮೇಲೆ ಊರಿನ ಓದುಗರು ಕೇಳಬಹುದು: ಸ್ವೀಡನ್ನಿನ ಈ ನಂಬಿಕೆ ಬರೀ ಮುಗ್ಧತೆಯಲ್ಲವೇ? ಇದಕ್ಕೆ ಉತ್ತರ ಮಾಲ್ಮ್‌ಕ್ವಿಸ್ಟರ ಪುಸ್ತಕದಲ್ಲಿಲ್ಲ. ಬೊಸ್ಸೆ ಲಿಂಡ್‌ಕ್ವಿಸ್ಟ್ ಅವರ ‘ಪ್ರಯೋಗಗಳು’ ಎಂಬ ಸಾಕ್ಷ್ಯಚಿತ್ರದಲ್ಲಿದೆ. 2016ರ ಜನವರಿಯಲ್ಲಿ ಮೂರು ಕಂತುಗಳಲ್ಲಿ ಇಲ್ಲಿಯ ಸಾರ್ವಜನಿಕ ಟಿವಿಯಲ್ಲಿ ಬಂದ ಚಿತ್ರವದು. ಟಾಮ್ ನಡೆದಾಡಿದ ಅದೇ ಕರೊಲಿನ್‌ಸ್ಕಾದಲ್ಲಿ 2011 ಮತ್ತು 2012ರಲ್ಲಿ ಪಾವ್ಲೊ ಮಕಿಯಾರಿನಿ ಎಂಬ ಶಸ್ತ್ರವೈದ್ಯ ಮೂವರಿಗೆ ಪ್ಲಾಸ್ಟಿಕ್ಕಿನ ಶ್ವಾಸನಾಳ ಅಳವಡಿಸಿದ. ಮೂವರೂ ಸತ್ತರು. ಟರ್ಕಿಯಿಂದ ಬಂದ ಯುವತಿಯೊಬ್ಬಳು ವರ್ಷಗಟ್ಟಲೆ ಅಲ್ಲಿಯ ತೀವ್ರ ನಿಗಾದಲ್ಲೇ ಮಲಗಿದ್ದಳು. ಮಥಿಯಾಸ್ ಕೊರ್ಬಾಶಿಯೊ, ಕಾರ್ಲ್-ಹೆನ್ರಿಕ್ ಗ್ರಿನ್ನೆಮೊ, ಥಾಮಸ್ ಫುಕ್ಸ್, ಆಸ್ಕರ್ ಸಿಮೊನ್‌ಸನ್ ಎಂಬ ನಾಲ್ವರು ವೈದ್ಯರು ರೋಗಿಗಳ ದಾಖಲೆಗಳನ್ನು ಅವನ ಪ್ರಬಂಧಗಳ ಪಕ್ಕದಲ್ಲಿಟ್ಟು ಓದಿದರು. ಎರಡೂ ಹೊಂದಲಿಲ್ಲ. 2014ರಲ್ಲಿ ದೂರು ಕೊಟ್ಟರು. 2015ರಲ್ಲಿ ಸಂಸ್ಥೆಯ ಕುಲಪತಿ ಶಸ್ತ್ರವೈದ್ಯನನ್ನು ನಿರ್ದೋಷಿ ಎಂದರು. ಚಿತ್ರ ಪ್ರಸಾರವಾದ ಮೇಲೆ, 2016ರ ಫೆಬ್ರವರಿಯಲ್ಲಿ, ಅದೇ ಕುಲಪತಿ ರಾಜೀನಾಮೆ ಕೊಟ್ಟರು. 2023ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಮಕಿಯಾರಿನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ಈ ಪ್ರಕರಣದಿಂದ ಸ್ವೀಡನ್ನಿನ ನಂಬಿಕೆ ಪೊಳ್ಳೆಂದು ನಾನು ಹೇಳಲಾರೆ. ಪೊಳ್ಳಾದದ್ದು ದೊಡ್ಡ ಹೆಸರಿನ ಮೇಲಿನ ನಂಬಿಕೆ. ಅದನ್ನು ಬಯಲು ಮಾಡಿದ್ದು, ಸತ್ಯವಾಗಿ ಬರೆದಿಟ್ಟ ದಾಖಲೆ ಮತ್ತು ಅದನ್ನು ಓದುವ ಧೈರ್ಯವಿದ್ದ ಸಹೋದ್ಯೋಗಿಗಳು. ಟಾಮ್ ಕಿಟಕಿಯ ಪಕ್ಕ ಕೂತು ಮಾಡಿದ್ದೂ, ಅಕ್ಕ ಚೀಟಿಗಳ ಹಿಂದೆ ಮಾಡಿದ್ದೂ ಇದೇ ಕೆಲಸದ ಚಿಕ್ಕ ರೂಪ. ಇಂದು ಸ್ವೀಡನ್ನಿನ ರೋಗಿಗಳು ತಮ್ಮ ದಾಖಲೆಯನ್ನು ಮೊಬೈಲಿನಲ್ಲೇ ಓದಬಹುದು. 2012ರಲ್ಲಿ ಉಪ್ಸಲಾದಲ್ಲಿ ಮೊದಲು ಶುರುವಾದಾಗ ವೈದ್ಯರು ಆತಂಕಪಟ್ಟಿದ್ದರು.

ಇಲ್ಲಿಯ ಐಸಿಯುಗಳಲ್ಲಿ ಇನ್ನೊಂದು ಬಗೆಯ ಬರಹವೂ ಇದೆ. ಸಾಹಿತ್ಯ ವಿಮರ್ಶೆಯ ಕಣ್ಣಿಗೆ ಅದು ಬಿದ್ದಂತಿಲ್ಲ. ಪ್ರಜ್ಞೆಯಿಲ್ಲದ ರೋಗಿಗಾಗಿ ನರ್ಸ್‌ಗಳು ದಿನಚರಿ ಬರೆಯುತ್ತಾರೆ, ಫೋಟೋ ಅಂಟಿಸುತ್ತಾರೆ, ಮನೆಯವರೂ ಅದರಲ್ಲಿ ಬರೆಯಬಹುದು. ನಾರ್‌ಶೋಪಿಂಗ್ ಆಸ್ಪತ್ರೆಯ ಕಾರ್ಲ್ ಬ್ಯಾಕ್‌ಮನ್ ಮತ್ತು ಸ್ಟೆನ್ ವಾಲ್ಥರ್ 2001ರಲ್ಲಿ ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಬೇರೆ ದೇಶಗಳವರೂ ಗಮನಿಸಿದರು. ದಿನಚರಿಯ ಭಾಷೆ ಸಾದಾ. ರೋಗಿಯನ್ನು ‘ನೀನು’ ಎಂದೇ ಕರೆಯುತ್ತದೆ. ಇವತ್ತು ನಿನ್ನನ್ನು ಕುರ್ಚಿಯಲ್ಲಿ ಕೂರಿಸಿದೆವು, ಮಗ ಬಂದಿದ್ದ, ಹೊರಗೆ ಹಿಮ ಬೀಳುತ್ತಿದೆ, ಇಂಥ ಮಾತುಗಳು. ಎಚ್ಚರಗೊಂಡ ಮೇಲೆ ಕಳೆದುಹೋದ ದಿನಗಳನ್ನು ರೋಗಿ ಅದರಿಂದ ಹೊಂದಿಸಿಕೊಳ್ಳುತ್ತಾನೆ. ಉಳಿಯದಿದ್ದರೆ ಅದು ಮನೆಯವರಿಗೆ ಸೇರುತ್ತದೆ.

ಪ್ರಕಾರವಾಗಿ ಇದಕ್ಕೆ ಮಿತಿಗಳಿವೆ. ಅದು ಅನುಮಾನವನ್ನು ಬರೆಯುವುದಿಲ್ಲ, ತಪ್ಪನ್ನು ಬರೆಯುವುದಿಲ್ಲ. ಅದಕ್ಕೆ ವೈದ್ಯಕೀಯ ದಾಖಲೆಯೇ ಬೇಕು. ಆದರೆ ದಾಖಲೆ ಮಾಡಲಾಗದ ಕೆಲಸವೊಂದನ್ನು ಇದು ಮಾಡುತ್ತದೆ: ಯಾರೂ ನೋಡದ ಹೊತ್ತಿನಲ್ಲೂ ಈ ದೇಹವನ್ನು ಮನುಷ್ಯನೆಂದು ಕಂಡಿದ್ದೆವು ಎಂದು ಸಾಬೀತುಪಡಿಸುತ್ತದೆ. 2020ರ ವಸಂತದಲ್ಲಿ ಕೋವಿಡ್ ಬಂದು ಆಸ್ಪತ್ರೆಗಳು ಭೇಟಿಯನ್ನು ಬಹುಮಟ್ಟಿಗೆ ನಿಲ್ಲಿಸಿದಾಗ ಸ್ವೀಡನ್ನಿನವರೂ ಅನಿವಾಸಿಗಳಂತಾದರು. ಅಪ್ಪ ನಾಲ್ಕು ಮೈಲಿ ದೂರದಲ್ಲಿದ್ದರೂ ಫೋನಿನ ಕೊನೆಯಲ್ಲಿದ್ದರು. ಸಹೋದ್ಯೋಗಿಗಳು ಆಗ ಹೇಳಿಕೊಂಡ ತಳಮಳ ನಮಗೆ ಹಳೆಯ ಪರಿಚಯ. ಅವರನ್ನು ಆ ವಾರಗಳಲ್ಲಿ ಹಿಡಿದಿಟ್ಟದ್ದು ದಿನಾ ಫೋನ್ ಮಾಡುತ್ತಿದ್ದ ಒಬ್ಬ ನರ್ಸ್, ಅದೇ ಧ್ವನಿ, ಹೇಳಿದ ಹೊತ್ತಿಗೆ.

ಮಾಲ್ಮ್‌ಕ್ವಿಸ್ಟರ ಕಾದಂಬರಿಗೂ ಮಿತಿಗಳಿವೆ. ವಿವರಗಳ ರಾಶಿ ಕೆಲವೊಮ್ಮೆ ಓದುಗನನ್ನು ಉಸಿರುಗಟ್ಟಿಸುತ್ತದೆ, ಎಲ್ಲವೂ ಒಬ್ಬನ ಕಿವಿಯಿಂದಲೇ ಕೇಳಿಸುತ್ತದೆ. ಕರೀನ್‌ಳ ತಂದೆತಾಯಿ ಅದೇ ಕೋಣೆಯಲ್ಲಿ ಏನನ್ನು ನಂಬಿದರು, ಏನನ್ನು ನಂಬದೆ ಹೋದರು ಎಂದು ತಿಳಿಯಬೇಕೆನಿಸುತ್ತದೆ. ಆದರೆ ಸಂಭಾಷಣೆಗೆ ಉದ್ಧರಣ ಚಿಹ್ನೆಗಳನ್ನೇ ಬಳಸದ ಅವರ ಗದ್ಯದಲ್ಲಿ ವೈದ್ಯರ ಮಾತು, ನರ್ಸ್ ಮಾತು, ಟಾಮ್‌ನ ಮಾತು ಒಂದರೊಳಗೊಂದು ಹರಿಯುವಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿ ಯಾರೂ ಅವನಿಗೆ ಸಮಾಧಾನವನ್ನು ಮಾರುತ್ತಿಲ್ಲ. ಪುಸ್ತಕದ ದೊಡ್ಡ ಗುಣ ಅದು, ಆ ಆಸ್ಪತ್ರೆಯ ಅಂದಿನ ಸಿಬ್ಬಂದಿಯ ಗುಣವೂ ಹೌದು.

ಕನ್ನಡದಲ್ಲಿ ವೈದ್ಯರು ಬರೆದ ಪುಸ್ತಕಗಳು ಬೇಕಾದಷ್ಟಿವೆ, ರೋಗಿಗಳು ಬರೆದವೂ ಇವೆ. ಬಾಗಿಲ ಹೊರಗೆ ಕೂತವರು ಬರೆದದ್ದು ಕಡಿಮೆ. ಔಷಧಿ ಚೀಟಿಗಳ ಹಿಂದೆ ಅದು ಪ್ರತಿ ದಿನ ಬರೆಯಲ್ಪಡುತ್ತಿದೆ, ಹದಿಮೂರನೆಯ ದಿನ ಕಸದ ಬುಟ್ಟಿ ಸೇರುತ್ತಿದೆ. 2025ರ ಸುತ್ತೋಲೆಯಿಂದಾಗಿ ಇನ್ನು ಮುಂದೆ ಹೆಚ್ಚು ಹೆಚ್ಚು ಕನ್ನಡ ಕುಟುಂಬಗಳು ಕಾನೂನಿನ ಕಾಗದಕ್ಕೆ ಸಹಿ ಹಾಕಲಿವೆ. ಅವರಿಗೆ ಕಾಗದದ ಜೊತೆ ಒಂದು ಗಂಟೆಯ ಮಾತೂ ಬೇಕು, ದಿನಾ ಅದೇ ವೈದ್ಯರಿಂದ, ಕನ್ನಡದಲ್ಲಿ, ಕೂತುಕೊಂಡು. ಬಿಲ್ಲಿನ ಕೌಂಟರಿನಿಂದ ದೂರದಲ್ಲಿ. ಕಾನೂನು ಒಪ್ಪಿಗೆಯನ್ನು ಕಡ್ಡಾಯ ಮಾಡಬಹುದು, ನಂಬಿಕೆಯನ್ನು ಮಾಡಲಾರದು. ಆ ಒಂದು ಗಂಟೆಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಬರೆದಿಡುವವರು ನಮ್ಮಲ್ಲೂ ಬೇಕು.